ತಂಗಿಯ ಕಾಯಿಲೆ ಮತ್ತು ಐವತ್ತೊಂಬತ್ತು ಉಪವಾಸಗಳು

ಮನುಷ್ಯನ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಎರಡು ಪುಟ್ಟ ಗ್ರಂಥಿಗಳಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಬಲಗಡೆಯದು ತ್ರಿಕೋನದಂತೆಯೂ ಎಡಗಡೆಯದು ಅರ್ಧಚಂದ್ರದಂತೆಯೂ ಇರುತ್ತದೆ. ಅಡ್ರಿನಲ್ ಗ್ರಂಥಿ ಎಂದು ಇವುಗಳ ಹೆಸರು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವ ಈ ಗ್ರಂಥಿಗಳ ಕುರಿತು, ಮದ್ರಸದಲ್ಲಿ ಓದಿ ಮಕ್ಕಳಿಗೆ ಕನ್ನಡ ಕಲಿಸುವ ನಾನು ಬರೆಯಲು ಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ನಾಲ್ಕೈದು ಗ್ರಾಮಿನ ಅಂಗವು ನಮ್ಮ ಕುಟುಂಬದ ಒಬ್ಬ ಹೆಣ್ಣುಮಗಳ ಆರೋಗ್ಯವನ್ನೂ ಮಾನವನ್ನೂ ಸಂಸಾರವನ್ನೂ ಆರು ವರ್ಷಗಳ ಕಾಲ ಅಲುಗಾಡಿಸಿತು. ಆಕೆ ನನ್ನ ತಂಗಿ. ಇದನ್ನು ಬರೆಯಲು ಅವಳ ಅನುಮತಿ ಪಡೆದಿದ್ದೇನೆ. ಹೆಸರೂ ಊರೂ ಬೇಡವೆಂದಳು. ಉಳಿದದ್ದನ್ನು ಮುಚ್ಚಿಡಬೇಡಿ ಎಂದಳು.

ಅಡ್ರಿನಲ್ ಗ್ರಂಥಿಯ ಹೊರಪದರವು ಸ್ರವಿಸುವ ಹಾರ್ಮೋನುಗಳಲ್ಲಿ ಕಾರ್ಟಿಸೋಲ್ ಎಂಬುದು ಬಹಳ ಮುಖ್ಯವಾದುದು. ಅದಕ್ಕೊಂದು ವೇಳಾಪಟ್ಟಿಯಿದೆ. ನಡುರಾತ್ರಿಯ ಹೊತ್ತಿಗೆ ರಕ್ತದಲ್ಲಿ ಅದರ ಪ್ರಮಾಣ ಅತ್ಯಂತ ಕಡಿಮೆಯಿರುತ್ತದೆ. ತಹಜ್ಜುದ್‌ನ ವೇಳೆಗೆ ನಿಧಾನವಾಗಿ ಏರತೊಡಗಿ, ನಾವು ಎದ್ದು ದಿನದ ಕೆಲಸಕ್ಕೆ ತೊಡಗುವ ಹೊತ್ತಿಗೆ ತುತ್ತತುದಿಗೆ ತಲುಪುತ್ತದೆ. ಹಗಲೆಲ್ಲ ಇಳಿಯುತ್ತಾ ಹೋಗಿ ಇಶಾದ ನಂತರ ತಗ್ಗುತ್ತದೆ. ಹೊಟ್ಟೆ ಬರಿದಾಗಿರುವಾಗ ರಕ್ತದಲ್ಲಿನ ಸಕ್ಕರೆಯು ಕುಸಿಯದಂತೆ ಕಾಯುವವುಗಳಲ್ಲಿ ಇದೂ ಒಂದು. ಆದುದರಿಂದ ಉಪವಾಸಿಗನ ಗುಪ್ತ ಸಹಾಯಕ ಎನ್ನಬಹುದು. ರಕ್ತದೊತ್ತಡ ಬೀಳದಂತೆ ಹಿಡಿಯುವುದು, ಜ್ವರ, ಗಾಯ, ಆಘಾತಗಳನ್ನು ಎದುರಿಸಲು ದೇಹವನ್ನು ಸಿದ್ಧಗೊಳಿಸುವುದು ಕೂಡ ಇದರ ಕೆಲಸ. ಎಷ್ಟು ಸ್ರವಿಸಬೇಕೆಂಬ ಆಜ್ಞೆ ಬರುವುದು ಮೆದುಳಿನ ಬುಡದಲ್ಲಿರುವ, ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯಿಂದ. ಕಾರ್ಟಿಸೋಲ್ ಹೆಚ್ಚಾದರೆ ಪಿಟ್ಯುಟರಿಯು ಆಜ್ಞೆಯನ್ನು ತಡೆಹಿಡಿಯುತ್ತದೆ. ಕಡಿಮೆಯಾದರೆ ಮತ್ತೆ ಕಳುಹಿಸುತ್ತದೆ.

ಕೆಲವೊಮ್ಮೆ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಗಡ್ಡೆ ಹುಟ್ಟುತ್ತದೆ. ಅನೇಕ ಗಡ್ಡೆಗಳು ಕ್ಯಾನ್ಸರ್ ಆಗಿರುವುದಿಲ್ಲ, ಏನನ್ನೂ ಸ್ರವಿಸುವುದಿಲ್ಲ, ಇರುವುದೇ ಗೊತ್ತಾಗುವುದಿಲ್ಲ. ಆದರೆ ಕೆಲವು ಯಾರ ಆಜ್ಞೆಯನ್ನೂ ಕೇಳದೆ ಹಗಲಿರುಳು ಕಾರ್ಟಿಸೋಲನ್ನು ಸುರಿಸುತ್ತವೆ. ಆಗ ನಡುರಾತ್ರಿಯ ತಗ್ಗು ಇಲ್ಲವಾಗುತ್ತದೆ. ಹೀಗೆ ಕಾರ್ಟಿಸೋಲ್ ಅತಿಯಾದಾಗ ತಲೆದೋರುವ ಸ್ಥಿತಿಗೆ ಕುಶಿಂಗ್ ಸಿಂಡ್ರೋಮ್ ಎನ್ನುತ್ತಾರೆ.

ತಂಗಿಗೆ ಮದುವೆಯಾದದ್ದು 2011ರಲ್ಲಿ. ಎರಡು ವರ್ಷದ ನಂತರ ಮಗ ಹುಟ್ಟಿದ. 2015ರ ಕೊನೆಯಿಂದ ಅವಳ ಮುಖ ದುಂಡಗಾಗತೊಡಗಿತು, ಕೆನ್ನೆ ಕೆಂಪೇರಿತು. ಮದುವೆ ಮನೆಗಳಲ್ಲಿ ಕಂಡವರು "ಮಾಶಾ ಅಲ್ಲಾಹ್, ಗಂಡನ ಮನೆಯ ಊಟ ಚೆನ್ನಾಗಿ ಒಗ್ಗಿದೆ" ಎನ್ನುತ್ತಿದ್ದರು. ಹೊಟ್ಟೆ ಬಂತು, ಕುತ್ತಿಗೆಯ ಹಿಂದೆ ಕೊಬ್ಬಿನ ಉಬ್ಬು ಬಂತು. ಕೈಕಾಲುಗಳು ಮಾತ್ರ ಸಣ್ಣಗಾಗುತ್ತಾ ಹೋದವು. ಗಲ್ಲದ ಮೇಲೆ ಕೂದಲು ಮೂಡಿತು. ಮುಟ್ಟು ನಿಂತುಹೋಯಿತು. ಎರಡನೆಯ ಮಗುವಾಗಲಿಲ್ಲ. ನೆಲದಲ್ಲಿ ಕುಳಿತವಳು ಕೈಯೂರದೆ ಏಳಲಾರದಾದಳು, ನಮಾಝಿನಲ್ಲಿ ಸಜ್ದಾದಿಂದ ಏಳಲು ಗೋಡೆ ಹಿಡಿಯುತ್ತಿದ್ದಳು. ರಾತ್ರಿ ನಿದ್ದೆಯಿಲ್ಲ. ಸಣ್ಣ ಮಾತಿಗೂ ಅಳು, ಮರುಗಳಿಗೆ ಸಿಟ್ಟು. ರಕ್ತದೊತ್ತಡಕ್ಕೂ ಸಕ್ಕರೆಗೂ ಬೇರೆ ಬೇರೆ ಮಾತ್ರೆಗಳು ಆರಂಭವಾದವು. ಮೂವತ್ತೂ ತುಂಬದವಳಿಗೆ ಇವೆರಡೂ ಒಟ್ಟಿಗೆ ಏಕೆ ಬಂದವು ಎಂದು ಯಾರೂ ಕೇಳಲಿಲ್ಲ.

ಕೇಳುವುದರ ಬದಲು ತೀರ್ಪು ಕೊಟ್ಟವರು ಬಹಳ. ತಿನ್ನುವುದು ಹೆಚ್ಚಾಗಿದೆ ಎಂದು ಅತ್ತೆ. ಸೋಮಾರಿತನ ಎಂದು ನಾದಿನಿ. ಗಂಡನ ಕಡೆಯ ಹಿರಿಯರೊಬ್ಬರು ಎರಡನೆಯ ನಿಕಾಹ್‌ನ ಮಾತನ್ನೂ ಎತ್ತಿದರು. ನಮ್ಮ ಭಾವ ಅದನ್ನು ಅಲ್ಲಿಗೇ ನಿಲ್ಲಿಸಿದರು, ಅಲ್ಲಾಹನು ಅವರಿಗೆ ಒಳಿತನ್ನು ಕರುಣಿಸಲಿ. ನಂತರ ಅವಳನ್ನು ಒಬ್ಬ ಆಮಿಲ್‌ನ ಬಳಿಗೆ ಕರೆದೊಯ್ದರು. ಆತನು ಅವಳ ಮುಖವನ್ನು ಒಮ್ಮೆ ನೋಡಿ, ಹತ್ತಿರದ ಬಂಧುವೊಬ್ಬಳು ಮಾಡಿಸಿದ ಸಿಹ್ರ್ ಇದು ಎಂದುಬಿಟ್ಟನು. ತಾವೀಝ್‌ಗೆ ಕೊಟ್ಟ ದುಡ್ಡು ಹೋದರೆ ಹೋಗಲಿ. ಆ ಒಂದು ಮಾತಿನಿಂದ ಎರಡು ಮನೆಗಳ ನಡುವೆ ಸಲಾಮ್ ನಿಂತುಹೋಗಿ, ಯಾವ ತಪ್ಪನ್ನೂ ಮಾಡದ ಆ ಹೆಂಗಸು ಮೂರು ವರ್ಷ ತಲೆತಗ್ಗಿಸಿ ನಡೆದರು. ರೋಗಿಗಾಗಿ ದುಆ ಮಾಡುವುದು, ಕುರ್‌ಆನ್ ಪಾರಾಯಣ ಮಾಡಿ ಊದುವುದು ನಮ್ಮಲ್ಲಿ ಇರುವಂಥದ್ದೇ, ನಾನೂ ಮಾಡುತ್ತೇನೆ. ಆದರೆ ಕಾಣದುದನ್ನು ಕಂಡೆನೆಂದು ಹೇಳಿ ಇನ್ನೊಬ್ಬರ ಮೇಲೆ ಅಪವಾದ ಹೊರಿಸುವುದು ಸುಳ್ಳು ಸಾಕ್ಷ್ಯವಲ್ಲದೆ ಬೇರೇನೂ ಅಲ್ಲ.

ಈ ಆತುರವನ್ನು ನೋಡುವಾಗ ಈ ಗ್ರಂಥಿಯ ಸಂಶೋಧನೆಯ ಚರಿತ್ರೆ ನನಗೆ ಇಷ್ಟವಾಗುತ್ತದೆ. ಏಕೆಂದರೆ ಅದರ ಮೊದಲ ಮುನ್ನೂರು ವರ್ಷ 'ಗೊತ್ತಿಲ್ಲ' ಎಂಬ ಉತ್ತರದಿಂದಲೇ ತುಂಬಿದೆ. ಗ್ರಂಥಿಗಳನ್ನು ಮೊದಲು ವಿವರಿಸಿದವನು 16ನೆಯ ಶತಮಾನದ ಇಟಲಿಯ ಬಾರ್ತೊಲೊಮಿಯೊ ಯುಸ್ಟಾಚಿ. (ವಿಜ್ಞಾನದ ಮಾತು ಬಂದಾಗಲೆಲ್ಲ ಇಬ್ನ್ ಸೀನಾರನ್ನು ಎಳೆದು ತರುವ ಅಭ್ಯಾಸ ನಮ್ಮ ಭಾಷಣಕಾರರಲ್ಲಿದೆ. ಆ ಮಹನೀಯರಿಗೆ ಸಲ್ಲುವ ಕೀರ್ತಿಯೇ ಬೇಕಾದಷ್ಟಿದೆ, ಸಲ್ಲದ್ದನ್ನು ಸೇರಿಸಬೇಕಾಗಿಲ್ಲ.) 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಅಕಾಡೆಮಿಯು, ಈ ಗ್ರಂಥಿಗಳ ಪ್ರಯೋಜನವೇನೆಂದು ವಿವರಿಸಿದವರಿಗೆ ಬಹುಮಾನವೆಂದು ಸಾರಿತು. ಬಂದ ಪ್ರಬಂಧಗಳನ್ನು ಪರಿಶೀಲಿಸಿದ ಮಾಂಟೆಸ್ಕ್ಯೂ, ಯಾವುದೂ ಬಹುಮಾನಕ್ಕೆ ಅರ್ಹವಲ್ಲವೆಂದು ವರದಿ ಒಪ್ಪಿಸಿದನು. ಇಮಾಮ್ ಮಾಲಿಕ್‌ರು(ರ) ತಮ್ಮ ಬಳಿ ಬಂದ ಎಷ್ಟೋ ಪ್ರಶ್ನೆಗಳಿಗೆ ನನಗೆ ತಿಳಿಯದು ಎಂದೇ ಉತ್ತರಿಸುತ್ತಿದ್ದರೆಂದು ಮದ್ರಸದಲ್ಲಿ ನಮ್ಮ ಉಸ್ತಾದರು ಹೇಳುತ್ತಿದ್ದರು. ಬಲ್ಲವರ ಲಕ್ಷಣವೇ ಅದು.

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಒಂದು ಪುಟ್ಟ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ 11 ರೋಗಿಗಳ ವಿವರವಿತ್ತು. ವಿಪರೀತ ನಿಶ್ಶಕ್ತಿ, ಹೊಟ್ಟೆ ತೊಳಸುವಿಕೆ, ಕಪ್ಪಾಗುತ್ತಾ ಹೋಗುವ ಚರ್ಮ, ಕೊನೆಗೆ ಸಾವು. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿಗಳು ನಾಶವಾಗಿದ್ದವು. ಹಲವರಲ್ಲಿ ಕಾರಣ ಕ್ಷಯ. ಮರುವರ್ಷ ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳ ಈ ಗ್ರಂಥಿಗಳನ್ನು ತೆಗೆದು ನೋಡಿದಾಗ ಅವು ಬದುಕಲಿಲ್ಲ. ಪ್ರಯೋಜನವೇನೆಂದು ಇನ್ನೂ ತಿಳಿದಿರಲಿಲ್ಲ, ಇಲ್ಲದೆ ಜೀವವಿಲ್ಲ ಎಂಬುದಷ್ಟೇ ತಿಳಿಯಿತು.

ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದು ಅರಿವಾಗಲು ಇನ್ನಷ್ಟು ಕಾಲ ಬೇಕಾಯಿತು. ಅಮೆರಿಕದ ಮೆದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರ ತನ್ನ ಗ್ರಂಥದಲ್ಲಿ 23 ವರ್ಷದ ಒಬ್ಬ ವಲಸಿಗ ಯುವತಿಯನ್ನು ವರ್ಣಿಸಿದ್ದಾನೆ. ವೈದ್ಯಕೀಯ ಚರಿತ್ರೆಯಲ್ಲಿ ಆಕೆ ಮಿನ್ನಿ ಜಿ. ಎಂದೇ ಪ್ರಸಿದ್ಧಳು. ದುಂಡುಮುಖ, ದಪ್ಪ ಹೊಟ್ಟೆ, ನಿಂತ ಮುಟ್ಟು, ಮುಖದ ಮೇಲೆ ಕೂದಲು, ಬೆನ್ನುನೋವು, ಚರ್ಮದ ಮೇಲೆ ನೇರಳೆ ಬಣ್ಣದ ಗೆರೆಗಳು. ನನ್ನ ತಂಗಿಯನ್ನು ಯಾರೋ ನೂರು ವರ್ಷ ಮೊದಲೇ ಕಂಡು ಬರೆದಿಟ್ಟಂತಿತ್ತು. ಕುಶಿಂಗ್ ಇಪ್ಪತ್ತು ವರ್ಷ ಕಾಯ್ದು, ಇಂತಹ 12 ರೋಗಿಗಳನ್ನು ಒಟ್ಟುಗೂಡಿಸಿ 1932ರಲ್ಲಿ ಇದೊಂದು ಪ್ರತ್ಯೇಕ ರೋಗವೆಂದು ಮಂಡಿಸಿದನು. ಮೂಲವು ಪಿಟ್ಯುಟರಿಯ ಸಣ್ಣ ಗಡ್ಡೆ ಎಂದು ಅವನ ವಾದ. ಇಂದಿಗೂ ದೇಹದೊಳಗಿನಿಂದಲೇ ಹುಟ್ಟುವ ಪ್ರಕರಣಗಳಲ್ಲಿ ಹೆಚ್ಚಿನವು ಹಾಗೆಯೇ; ಸುಮಾರು ಐದರಲ್ಲಿ ಒಂದರಲ್ಲಿ ಮಾತ್ರ ತಪ್ಪು ಅಡ್ರಿನಲ್‌ನದು. ಒಟ್ಟಿನಲ್ಲಿ ಅಪರೂಪದ ಕಾಯಿಲೆ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಬರುವಂಥದ್ದು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಆ ನೇರಳೆ ಗೆರೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಚರ್ಮ ತೆಳುವಾಗಿ, ಒಳಗಿನ ರಕ್ತನಾಳಗಳು ಕಾಣುವಷ್ಟು ಅಗಲವಾದ ಪಟ್ಟೆಗಳು ಹೊಟ್ಟೆಯ ಮೇಲೂ ತೊಡೆಯ ಮೇಲೂ ಮೂಡುತ್ತವೆ. ಹೆರಿಗೆಯ ನಂತರ ಉಳಿಯುವ ಬಿಳಿ ಗೆರೆಗಳಂತಲ್ಲ ಇವು. ಗುರುತಿಸಬಲ್ಲ ವೈದ್ಯರಿಗೆ ಅರ್ಧ ರೋಗನಿದಾನ ಇವುಗಳಲ್ಲೇ ಇದೆ. ತಂಗಿಯ ಮೈಮೇಲೆ ಅವು ನಾಲ್ಕು ವರ್ಷದಿಂದ ಇದ್ದವು. ಯಾರಿಗೂ ತೋರಿಸಿರಲಿಲ್ಲ, ನಮ್ಮ ಅಮ್ಮಿಗೂ ಸಹ. ಮನೆಯಿಂದ ಹೊರಗೆ ಬುರ್ಖಾ, ಒಳಗೆ ಸಡಿಲವಾದ ಉಡುಪು. ಸೊರಗಿದ ತೋಳುಗಳು, ಉಬ್ಬಿದ ಹೊಟ್ಟೆ, ಸಣ್ಣ ತಾಗುವಿಕೆಗೂ ಮೂಡುವ ನೀಲಿ ಕಲೆಗಳು, ಇವೆಲ್ಲ ಬಟ್ಟೆಯೊಳಗೆ ಉಳಿದವು. ಲೋಕಕ್ಕೆ ಕಂಡದ್ದು ಒಂದು ದುಂಡು ಮುಖ ಮಾತ್ರ, ಲೋಕವು ಅದರ ಮೇಲೆಯೇ ತೀರ್ಪು ಕೊಟ್ಟಿತು. ಅವಳು ಕಂಡ ವೈದ್ಯರೂ ನಾಡಿ ಹಿಡಿದು, ತೋಳಿಗೆ ಪಟ್ಟಿ ಸುತ್ತಿ, ಚೀಟಿ ಬರೆದರೇ ಹೊರತು ಪರೀಕ್ಷಿಸಿ ನೋಡಲಿಲ್ಲ. ಹಯಾ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಾಹನು ಕೊಟ್ಟ ಭೂಷಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗತ್ಯವಿದ್ದಾಗ ಅಗತ್ಯವಿರುವಷ್ಟು ಭಾಗವನ್ನು ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿ ನೀಡಿದೆ, ವೈದ್ಯೆ ಸಿಗುವಲ್ಲಿ ವೈದ್ಯೆಗೇ ತೋರಿಸಲಿ. ಫಿಕ್ಹ್‌ನ ಯಾವ ಪ್ರಾಥಮಿಕ ಪುಸ್ತಕದಲ್ಲಿಯೂ ಸಿಗುವ ಈ ಮಾತನ್ನು ನಾವು ಜುಮಾ ಭಾಷಣಗಳಲ್ಲಿ ಎಷ್ಟು ಸಲ ಹೇಳುತ್ತೇವೆ?

ನಿಜ ಹೊರಬಿದ್ದದ್ದು ಮೂಳೆಯಿಂದ. 2021ರ ಸೆಪ್ಟೆಂಬರಿನಲ್ಲಿ, ನಲ್ಲಿಯ ಬಳಿ ತುಂಬಿದ ಕೊಡವನ್ನೆತ್ತುವಾಗ ಬೆನ್ನಿನಲ್ಲಿ ಚಳಕ್ ಎಂದಿತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳು ಕುಸಿದಿದ್ದವು. ಒಂದು ಕಡೆ ಸೊಂಟಕ್ಕೆ ಬೆಲ್ಟೂ ಕ್ಯಾಲ್ಸಿಯಂ ಮಾತ್ರೆಯೂ ಕೊಟ್ಟು ಕಳುಹಿಸಿದರು. ಇನ್ನೊಂದು ಆಸ್ಪತ್ರೆಯ ಕಿರಿಯ ವೈದ್ಯೆಯೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂವತ್ತನಾಲ್ಕು ವರ್ಷದವರ ಬೆನ್ನೇ ಇದು? ಎಪ್ಪತ್ತರ ಅಜ್ಜಿಯ ಬೆನ್ನಿನಂತಿದೆ" ಎಂದರು. ಬಾಗಿಲು ಹಾಕಿಸಿ, ಪರದೆ ಎಳೆದು ಪರೀಕ್ಷಿಸಿದರು. ಹೊರಬಂದು ನಮಗೆ ಹೇಳಿದ್ದು ಒಂದೇ ಮಾತು: "ಇವರು ತಿಂದು ದಪ್ಪಗಾದವರಲ್ಲ." ತಂಗಿ ಅಂದು ಅತ್ತಳು. ನೋವಿಗೆ ಅತ್ತದ್ದಲ್ಲ ಎಂದು ನಂತರ ಹೇಳಿದಳು.

ಮೂಳೆ ಎಂದರೆ ಕಲ್ಲಿನಂತೆ ಸ್ಥಿರವಾದುದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಮಣ್ಣಿನ ಗೋಡೆಯ ಹಳೆಯ ಮನೆಯಂತೆ ಸದಾ ದುರಸ್ತಿಯಲ್ಲಿರುವ ಕಟ್ಟಡ. ಒಂದು ಬಗೆಯ ಕೋಶಗಳು ಸವೆದ ಭಾಗವನ್ನು ಕೆಡವುತ್ತವೆ, ಇನ್ನೊಂದು ಬಗೆಯವು ಅಲ್ಲಿ ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತರಲ್ಲೊಂದು ಪಾಲು ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಒಂದು ಚೂರನ್ನು ಕೆಡವಲು ಕೆಲವು ವಾರ ಸಾಕು, ತಿರುಗಿ ಕಟ್ಟಲು ತಿಂಗಳುಗಳು ಬೇಕು. ಕಾರ್ಟಿಸೋಲ್ ಅತಿಯಾದಾಗ ಕಟ್ಟುವವರ ಕೈ ಕಟ್ಟಿಹೋಗುತ್ತದೆ, ಎಷ್ಟೋ ಕೋಶಗಳು ಸತ್ತೇಹೋಗುತ್ತವೆ. ಕೆಡಹುವ ಕೆಲಸ ಮುಂದುವರಿಯುತ್ತದೆ. ಮೇಲಾಗಿ ಕರುಳು ಕ್ಯಾಲ್ಸಿಯಮ್ಮನ್ನು ಸರಿಯಾಗಿ ಹೀರುವುದಿಲ್ಲ, ಮೂತ್ರದಲ್ಲಿ ಅದು ಹೆಚ್ಚು ಸೋರಿಹೋಗುತ್ತದೆ. ಬೆನ್ನುಮಣಿ, ಪಕ್ಕೆಲುಬುಗಳಂತಹ ಒಳಗೆ ಜಾಲರಿಯಾಗಿರುವ ಮೂಳೆಗಳು ಮೊದಲು ಸೋಲುತ್ತವೆ. ಕುಶಿಂಗ್ ಕಾಯಿಲೆಯವರಿಗೆ ಕೆಮ್ಮಿದರೆ ಪಕ್ಕೆಲುಬು ಮುರಿಯುವುದೂ ಉಂಟು.

ಮೂಳೆ ಸವೆಯಲು ಬೇರೆ ಕಾರಣಗಳೂ ಇರುವುದರಿಂದ ಆ ವೈದ್ಯೆ ಮೊದಲು ರಕ್ತದ ಕ್ಯಾಲ್ಸಿಯಮ್ಮನ್ನೂ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನೂ ಪರೀಕ್ಷಿಸಿದರು. ಅವು ಸರಿಯಾಗಿದ್ದವು. ಈ ಗ್ರಂಥಿಯ ವಿಷಯ ಓದುವಾಗ ನನಗೆ ಸಿಕ್ಕ ಒಬ್ಬ ರೋಗಿಯನ್ನು ಮರೆಯಲಾರೆ. ಚಾರ್ಲ್ಸ್ ಮಾರ್ಟೆಲ್ ಎಂಬಾತ ಅಮೆರಿಕದ ಸರಕು ಹಡಗಿನ ಕಪ್ತಾನ, ಆರಡಿಗೂ ಮಿಕ್ಕ ಎತ್ತರದ ಆಳು. ಮೂಳೆಗಳು ಕರಗಿ ಸುಮಾರು ಏಳು ಇಂಚು ಕುಗ್ಗಿದನು. 1926ರಿಂದ ಅವನ ಕುತ್ತಿಗೆಯನ್ನು ಮತ್ತೆ ಮತ್ತೆ ಕೊಯ್ದರೂ ಗಡ್ಡೆ ಸಿಗಲಿಲ್ಲ. ಆತ ತಾನೇ ಅಂಗರಚನೆಯ ಪುಸ್ತಕಗಳನ್ನು ಓದಿ, ಎದೆಯೊಳಗೆ ಹುಡುಕಿ ಎಂದು ವೈದ್ಯರನ್ನು ಒತ್ತಾಯಿಸಿದನು. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯು ಎದೆಯೊಳಗೇ ಸಿಕ್ಕಿತು. ಆದರೆ ಕೆಲವೇ ವಾರಗಳಲ್ಲಿ ಮೂತ್ರಪಿಂಡದ ಕಲ್ಲಿನ ತೊಂದರೆಯಿಂದ ಕಪ್ತಾನ ತೀರಿಕೊಂಡನು. ಅವನನ್ನು ಅಭ್ಯಸಿಸಿದ ವೈದ್ಯರಲ್ಲೊಬ್ಬನಾದ ಫುಲ್ಲರ್ ಆಲ್ಬ್ರೈಟ್, ಮುಟ್ಟು ನಿಂತ ನಂತರ ಹೆಂಗಸರ ಮೂಳೆ ಸವೆಯುವುದನ್ನು ಮೊದಲು ಸ್ಪಷ್ಟವಾಗಿ ವಿವರಿಸಿದನು, ಕುಶಿಂಗ್ ಕಾಯಿಲೆಯಲ್ಲಿ ಮೂಳೆ ಕಟ್ಟುವ ಕೆಲಸವೇ ಕುಂಠಿತವಾಗುತ್ತದೆಂದೂ ವಾದಿಸಿದನು. ಆ ಮನುಷ್ಯನಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ರೋಗ ಬಂದಿತ್ತು. ನಡುಗುವ ಕೈಗಳಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದನು.

ತಂಗಿಯ ಪರೀಕ್ಷೆ ಬಹಳ ಸರಳವಾಗಿತ್ತು. ರಾತ್ರಿ 11 ಗಂಟೆಗೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ, ಬೆಳಿಗ್ಗೆ 8 ಗಂಟೆಗೆ ರಕ್ತ. ಕೋವಿಡ್ ಕಾಲದಲ್ಲಿ ಉಸಿರು ಕಟ್ಟಿದವರಿಗೆ ಕೊಡುತ್ತಿದ್ದ ಅದೇ ಔಷಧ. ಕಾರ್ಟಿಸೋಲಿನ ಕೃತಕ ಬಂಧು. ಆರೋಗ್ಯವಂತರಲ್ಲಿ ಇದನ್ನು ಕಂಡ ಪಿಟ್ಯುಟರಿಯು ಆಜ್ಞೆ ನಿಲ್ಲಿಸುತ್ತದೆ, ಬೆಳಗಿನ ಕಾರ್ಟಿಸೋಲ್ 1.8 ಮೈಕ್ರೊಗ್ರಾಮಿಗಿಂತ ಕೆಳಗಿಳಿಯುತ್ತದೆ. ಯಾರ ಆಜ್ಞೆಯನ್ನೂ ಕೇಳದ ಗಡ್ಡೆಯಿದ್ದರೆ ಇಳಿಯುವುದಿಲ್ಲ. ಈ ಉಪಾಯದ ಮೂಲ ರೂಪವನ್ನು 1960ರಲ್ಲಿ ಅಮೆರಿಕದ ಗ್ರಾಂಟ್ ಲಿಡಲ್ ತೋರಿಸಿಕೊಟ್ಟನು. ಆದರೆ ಒಂದೇ ಪರೀಕ್ಷೆಯನ್ನು ನಂಬಿ ವೈದ್ಯರು ಮುಂದುವರಿಯಲಿಲ್ಲ. ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಿದರು, ನಡುರಾತ್ರಿಯ ಕಾರ್ಟಿಸೋಲ್ ಅಳೆದರು, ಪಿಟ್ಯುಟರಿಯ ಆಜ್ಞಾ ಹಾರ್ಮೋನನ್ನು ಬೇರೆಯಾಗಿ ನೋಡಿದರು. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಬೇರೆ ಬೇರೆ ಸನದ್‌ಗಳಿಂದ ತಾಳೆ ನೋಡುವ ಕ್ರಮ ನನಗೆ ನೆನಪಾಯಿತು. ಎಲ್ಲ ಸಾಕ್ಷಿಗಳೂ ಒಂದೇ ಕಡೆ ಬೆರಳು ತೋರಿಸಿದ ಮೇಲೆಯೇ ಸ್ಕ್ಯಾನ್ ಮಾಡಿಸಿದರು. ಎಡ ಅಡ್ರಿನಲ್‌ನಲ್ಲಿ 3 ಸೆಂಟಿಮೀಟರಿನ ಗಡ್ಡೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಣ್ಣ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು, ಅಲ್‌ಹಮ್ದುಲಿಲ್ಲಾಹ್.

ಕಾಯಿಲೆ ಅಲ್ಲಿಗೆ ಮುಗಿಯಿತೆಂದು ಮನೆಯವರೆಲ್ಲ ತಿಳಿದರು. ವೈದ್ಯರು ಮಾತ್ರ, ಎಚ್ಚರ ಬೇಕಾದದ್ದು ಇನ್ನು ಮೇಲೆ ಎಂದರು. ಒಂದು ಗ್ರಂಥಿ ವರ್ಷಾನುಗಟ್ಟಲೆ ಮಿತಿಮೀರಿ ಸುರಿಸುತ್ತಿದ್ದಾಗ, ಆಜ್ಞೆ ಬಾರದೆ ಇನ್ನೊಂದು ಗ್ರಂಥಿ ನಿದ್ದೆ ಹೋಗಿರುತ್ತದೆ, ಕುಗ್ಗಿರುತ್ತದೆ. ಗಡ್ಡೆ ತೆಗೆದ ದಿನ ದೇಹದಲ್ಲಿ ಕಾರ್ಟಿಸೋಲ್ ಇಲ್ಲದಂತಾಗುತ್ತದೆ. ಹಿಂದಿನ ಕಾಲದಲ್ಲಿ ಇಂತಹ ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮೇಲೂ ರೋಗಿಗಳು ಸಾಯುತ್ತಿದ್ದುದು ಇದರಿಂದಲೇ. ಅವರನ್ನು ಉಳಿಸುವ ಔಷಧ ಬಂದದ್ದು ಸಂಧಿವಾತದ ದಾರಿಯಿಂದ. ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್, ಕಾಮಾಲೆ ಬಂದಾಗಲೂ ಬಸುರಾದಾಗಲೂ ಕೆಲವರ ಸಂಧಿವಾತ ಕಡಿಮೆಯಾಗುವುದನ್ನು ವರ್ಷಗಟ್ಟಲೆ ಗಮನಿಸುತ್ತಿದ್ದನು. ಅಲ್ಲಿಯೇ ಇದ್ದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ಒಂದು ವಸ್ತುವನ್ನು 1948ರ ಸೆಪ್ಟೆಂಬರಿನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಅದೇ ಕಾರ್ಟಿಸೋನ್. ಹೆಂಚ್, ಕೆಂಡಾಲ್, ಸ್ವಿಟ್ಜರ್ಲೆಂಡಿನ ಟಾಡಿಯುಸ್ ರೈಖ್‌ಸ್ಟೈನ್ ಮೂವರಿಗೂ 1950ರಲ್ಲಿ ನೊಬೆಲ್ ದೊರೆಯಿತು. ಸಂಧಿವಾತಕ್ಕೆಂದು ಅದನ್ನು ಹೆಚ್ಚು ಪಡೆದವರ ಮುಖಗಳು ಬೇಗನೆ ಮಿನ್ನಿಯ ಮುಖದಂತೆ ದುಂಡಗಾದವು, ಮೂಳೆಗಳು ಸವೆದವು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ಇಂದು ಕುಶಿಂಗ್ ಲಕ್ಷಣ ಕಾಣಿಸುವವರಲ್ಲಿ ಹೆಚ್ಚಿನವರಿಗೆ ಗಡ್ಡೆಯಿಲ್ಲ. ಅವರು ಹೊರಗಿನಿಂದ ನುಂಗಿದ ಸ್ಟೀರಾಯ್ಡ್ ಅದು. ವೈದ್ಯರು ಆಸ್ತಮಾಕ್ಕೋ ಮೂತ್ರಪಿಂಡದ ಕಾಯಿಲೆಗೋ ಲೆಕ್ಕ ಹಾಕಿ ಕೊಡುವ ಸ್ಟೀರಾಯ್ಡ್ ಜೀವ ಉಳಿಸುತ್ತದೆ, ಅದನ್ನು ಹೆದರಿ ಬಿಡಬಾರದು. ನಾನು ಹೇಳುವುದು, ಮಂಡಿನೋವಿಗೆ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಗಳನ್ನು, ಮೂರೇ ದಿನದಲ್ಲಿ ನೋವು ಮಾಯವಾಗಿಸುವ 'ಬೇರಿನ ಔಷಧ'ಗಳನ್ನು, ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವ ಮಾತ್ರೆಗಳನ್ನು. ನಾಟಿ ಔಷಧವೆಂದು ಮಾರುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಅಂತಹುದನ್ನು ಬಹುಕಾಲ ಸೇವಿಸಿದವರ ಎರಡೂ ಅಡ್ರಿನಲ್ ಗ್ರಂಥಿಗಳು ನಿದ್ದೆ ಹೋಗಿರುತ್ತವೆ. ಅಪಾಯ ತಿಳಿದೊಡನೆ ಹೆದರಿ ಒಂದೇ ದಿನ ನಿಲ್ಲಿಸಿದರೆ ಅದು ಇನ್ನೂ ದೊಡ್ಡ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಇಳಿಸಬೇಕು. ರಮಝಾನಿನ ಮೊದಲ ದಿನ, ಉಪವಾಸವಲ್ಲವೇ ಎಂದು ಬೆಳಗಿನ ಮಾತ್ರೆಯನ್ನು ಕೈಬಿಟ್ಟು ಕುಸಿದು ಬೀಳುವವರಲ್ಲಿ ಇಂಥವರೂ ಇರಬಹುದು. ಬಿಸಿಲಿನ ಬಳಲಿಕೆ ಎಂದು ಮನೆಯವರು ನೀರು ಚಿಮುಕಿಸುತ್ತಾ ಕುಳಿತಿರುತ್ತಾರೆ.

ತಂಗಿಗೆ ದಿನಕ್ಕೆ ಮೂರು ಹೊತ್ತು ಹೈಡ್ರೋಕಾರ್ಟಿಸೋನ್ ಕೊಟ್ಟರು. ಜ್ವರ ಬಂದರೆ ಎರಡು ಪಟ್ಟು ತೆಗೆದುಕೊಳ್ಳಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ 100 ಮಿಲಿಗ್ರಾಂ ಇಂಜೆಕ್ಷನ್ ಪಡೆಯಬೇಕು ಎಂದು ಬರೆದ ಒಂದು ಕಾರ್ಡನ್ನೂ ಕೊಟ್ಟರು. ಅದು ಈಗಲೂ ಅವಳ ಪರ್ಸಿನಲ್ಲಿದೆ. 2022ರ ಏಪ್ರಿಲ್‌ನಲ್ಲಿ, ನಾಲ್ಕನೆಯ ತಿಂಗಳಿಗೆ, ರಮಝಾನ್ ಬಂತು. ಶಅಬಾನಿನ ಕೊನೆಯ ವಾರ ನಾನು ಅವಳ ಮನೆಗೆ ಹೋದಾಗ ಸೆಹ್ರಿಗೆ ಹಿಟ್ಟು ಬೀಸಿಸಿ ಇಟ್ಟಿದ್ದಳು.

"ಭಾಯಿಜಾನ್, ಆರು ವರ್ಷ ನರಳುತ್ತಿದ್ದಾಗಲೂ ನಾನು ಉಪವಾಸ ಬಿಟ್ಟವಳಲ್ಲ. ಈಗ ಅಲ್ಲಾಹನು ಗುಣಪಡಿಸಿದ್ದಾನೆ, ಈಗ ಬಿಡಲೇ? ಅವನಿಗೆ ನಾನು ಏನೆಂದು ಹೇಳಲಿ?"

"ಡಾಕ್ಟರರು ಏನೆಂದರು?"

"ಮೂರು ಹೊತ್ತಿನ ಮಾತ್ರೆ ತಪ್ಪಬಾರದು, ಈ ವರ್ಷ ಬೇಡವೇ ಬೇಡ ಎಂದರು. ಅವರಿಗೇನು ಗೊತ್ತು ಉಪವಾಸದ ಬೆಲೆ?"

"ಅವರಿಗೆ ನಿನ್ನ ಗ್ರಂಥಿಯ ಸ್ಥಿತಿ ಗೊತ್ತು. ಉಪವಾಸದ ಬೆಲೆ ಅದನ್ನು ಕಡ್ಡಾಯಗೊಳಿಸಿದವನಿಗೆ ಗೊತ್ತು. ಅವನೇ ಅಲ್‌ಬಕರ ಅಧ್ಯಾಯದಲ್ಲಿ ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳನ್ನು ಕೊಟ್ಟಿರುವುದು. ಉಪವಾಸದ ಆಜ್ಞೆ ಬಂದ ಆಯತ್ತಿನ ಬೆನ್ನಿಗೇ ಈ ವಿನಾಯಿತಿಯೂ ಬಂದಿದೆ. ಒಂದನ್ನು ಅವನ ಆಜ್ಞೆಯೆಂದು ತಲೆಯ ಮೇಲಿಟ್ಟು ಇನ್ನೊಂದನ್ನು ಬೇಡವೆಂದು ತಳ್ಳುವುದು ಸರಿಯೇ?"

ಅವಳು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ನೆರೆಮನೆಯವರ ಎದುರು ಮಧ್ಯಾಹ್ನ ನೀರು ಕುಡಿಯುವುದು ಹೇಗೆ?" ಎಂದು ಕೇಳಿದಳು. ನಿಜವಾದ ಕಷ್ಟ ಅದೇ ಆಗಿತ್ತು. ಸೋಮಾರಿ, ತಿಂಡಿಪೋತಿ ಎಂದು ಆರು ವರ್ಷ ಕೇಳಿಸಿಕೊಂಡವಳಿಗೆ ಇನ್ನೊಂದು ಹೆಸರು ಬೇಡವಾಗಿತ್ತು. ನಾನು ಭಾವನನ್ನೂ ಅವಳ ಅತ್ತೆಯನ್ನೂ ಕೂರಿಸಿ ಎಲ್ಲವನ್ನೂ ವಿವರಿಸಿದೆ. ನುರಿತ ವೈದ್ಯರು ಹಾನಿಯೆಂದು ಹೇಳಿದ ಮೇಲೆ ಬಿಡುವುದಕ್ಕೆ ಫಿಕ್ಹ್‌ನಲ್ಲಿ ಯಾವ ಅಡ್ಡಿಯೂ ಇಲ್ಲವೆಂದೂ, ಗುಣವಾಗುವ ನಿರೀಕ್ಷೆ ಇರುವುದರಿಂದ ಫಿದ್ಯಾ ಅಲ್ಲ, ಮುಂದೆ ಕಝಾ ನಿರ್ವಹಿಸಬೇಕೆಂದೂ ಹೇಳಿದೆ. ಅತ್ತೆ ಎಲ್ಲವನ್ನೂ ಕೇಳಿದರು. ಮರುದಿನದಿಂದ ಮಧ್ಯಾಹ್ನ ಸೊಸೆಯ ಕೋಣೆಗೆ ಗಂಜಿಯನ್ನು ತಾವೇ ಒಯ್ದು, ಬಾಗಿಲಲ್ಲಿ ಕುಳಿತು, ಯಾರಾದರೂ ಬಂದರೆ "ಡಾಕ್ಟರು ಹೇಳಿದ್ದಾರೆ, ಮೌಲವಿಗಳೂ ಹೇಳಿದ್ದಾರೆ" ಎನ್ನುತ್ತಿದ್ದರಂತೆ. ಆ ಹೆಂಗಸಿನ ಬಗ್ಗೆ ಮೇಲೆ ಬರೆದ ಒಂದು ಮಾತನ್ನು ಇದರ ಜೊತೆಗೆ ಓದಿಕೊಳ್ಳಬೇಕು.

ಎಲ್ಲ ಅಡ್ರಿನಲ್ ರೋಗಿಗಳಿಗೂ ಇದೇ ತೀರ್ಮಾನವಲ್ಲ. ಸ್ಥಿರವಾಗಿರುವ ಕೆಲವರಿಗೆ ವೈದ್ಯರು ದೀರ್ಘಕಾಲ ಕೆಲಸ ಮಾಡುವ ಬೇರೆ ಮಾತ್ರೆಯನ್ನು ಸೆಹ್ರಿಯಲ್ಲಿ ಕೊಟ್ಟು ಉಪವಾಸಕ್ಕೆ ಅನುಮತಿಸುತ್ತಾರೆ. ಅದನ್ನು ಅವರೊಡನೆ ಕುಳಿತು ರಮಝಾನಿಗೆ ಒಂದೆರಡು ತಿಂಗಳು ಮೊದಲೇ ನಿರ್ಧರಿಸಬೇಕು, ಚಂದ್ರದರ್ಶನದ ರಾತ್ರಿಯಲ್ಲಲ್ಲ. ಉಪವಾಸದ ನಡುವೆ ತಲೆಸುತ್ತು, ವಾಂತಿ, ವಿಪರೀತ ನಿಶ್ಶಕ್ತಿ ಕಂಡರೆ ಆ ಕ್ಷಣವೇ ಮುರಿದು ಮಾತ್ರೆ ನುಂಗಬೇಕು.

2023ರ ರಮಝಾನಿನಲ್ಲಿಯೂ ಮಾತ್ರೆ ಪೂರ್ತಿ ನಿಂತಿರಲಿಲ್ಲ. ಆ ವರ್ಷದ ಜುಲೈಯಲ್ಲಿ ಇಂಜೆಕ್ಷನ್ ಕೊಟ್ಟು ಪರೀಕ್ಷಿಸಿದಾಗ, ಉಳಿದಿದ್ದ ಬಲಗಡೆಯ ಗ್ರಂಥಿ ಎಚ್ಚೆತ್ತಿರುವುದು ತಿಳಿಯಿತು. ಅಷ್ಟರಲ್ಲಿ ಮುಖ ಮೊದಲಿನಂತಾಗಿತ್ತು, ರಕ್ತದೊತ್ತಡದ ಮಾತ್ರೆ ನಿಂತಿತ್ತು, ನೇರಳೆ ಗೆರೆಗಳು ಬಿಳುಪೇರಿದ್ದವು. ಮೂಳೆಯ ಸಾಂದ್ರತೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ; ಕಾರ್ಟಿಸೋಲಿನ ಹಿಡಿತ ತಪ್ಪಿದ ಮೇಲೆ ಕಟ್ಟುವ ಕೋಶಗಳು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಆದರೆ ಕುಸಿದ ಬೆನ್ನುಮಣಿಗಳು ಮೇಲೇಳುವುದಿಲ್ಲ. ತಂಗಿ ಒಂದೂವರೆ ಇಂಚು ಕುಗ್ಗಿದ್ದಾಳೆ. ಹಳೆಯ ಬುರ್ಖಾಗಳ ಅಂಚನ್ನೆಲ್ಲ ಮಡಚಿ ಹೊಲಿಸಿಕೊಂಡಿದ್ದಾಳೆ.

ಬಾಕಿ ಉಳಿದಿದ್ದ ಉಪವಾಸಗಳು 2022ರ 30, 2023ರ 29. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಹಗಲು ಗಿಡ್ಡವಾಗುವ ನವೆಂಬರನ್ನು ಕಾದು, ದಿನ ಬಿಟ್ಟು ದಿನದಂತೆ ಆರಂಭಿಸಿದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೊಂದಕ್ಕೂ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದವನು ಅವಳ ಮಗ. ಫೆಬ್ರವರಿಯ ಕೊನೆಯ ವಾರ ಐವತ್ತೊಂಬತ್ತನೆಯ ಗುರುತು ಬಿತ್ತು. ಆ ಸಂಜೆಯ ಇಫ್ತಾರಿಗೆ, ಹಿಂದೆ ಸಲಾಮ್ ನಿಂತಿದ್ದ ಆ ಇನ್ನೊಂದು ಮನೆಯವರನ್ನೂ ಕರೆದಿದ್ದಳು.